ತೆಗೆಯಬಹುದು, ಹಾಕಬಾರದು

ನನ್ನ ಗಂಡ ತೀರಿಕೊಂಡು ಏಳು ತಿಂಗಳಾಗಿದ್ದಾಗ ಆಫೀಸಿನವರು ನನ್ನನ್ನು ಜಾವಾ ಎಂಬ ಕಂಪ್ಯೂಟರ್ ಭಾಷೆಯ ಕ್ಲಾಸಿಗೆ ಕೂರಿಸಿದರು. ಮಹಾಪೆಯ ಆ ಆಫೀಸಿನಲ್ಲಿ ಹನ್ನೆರಡು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮನ್ನು ಓಡಿಸಿ, ಒಂದೊಂದೇ ಬಟನ್ ಒತ್ತಿ, ಎಲ್ಲಿ ತಪ್ಪುತ್ತದೆ ಎಂದು ಬರೆದುಕೊಡುವುದು. ಇನ್ನು ಮೇಲೆ ಆ ಪರೀಕ್ಷೆಯನ್ನೂ ಪ್ರೋಗ್ರಾಮಿನಿಂದಲೇ ಮಾಡಿಸಬೇಕಂತೆ. ಆರು ವಾರ ಪಾಠ, ಕೊನೆಗೆ ಒಂದು ಟೆಸ್ಟ್. ಪಾಸಾಗದವರಿಗೆ ಇಲ್ಲಿ ಜಾಗವಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ.

ನಾನು ಡೊಂಬಿವಲಿಯಲ್ಲಿ ಕನ್ನಡ ಮೀಡಿಯಂನಲ್ಲಿ ಹತ್ತನೆಯವರೆಗೆ ಓದಿದವಳು. ಆಮೇಲೆ ಕಾಮರ್ಸ್, ಅದರ ಜೊತೆಗೆ ಒಂದು ಕಂಪ್ಯೂಟರ್ ಕೋರ್ಸ್. ಮೊದಲ ನಾಲ್ಕು ವಾರ ಹೇಗೋ ದಾಟಿದೆ. ಐದನೆಯ ವಾರ ಜೆನೆರಿಕ್ಸ್ ಬಂತು, ಅಲ್ಲಿ ನಿಂತುಹೋದೆ.

ಜೆನೆರಿಕ್ಸ್ ಎಂದರೆ, ಸಾಮಾನು ತುಂಬಿಡುವ ಪಟ್ಟಿಯೊಂದನ್ನು ಮಾಡುವಾಗಲೇ ಅದರಲ್ಲಿ ಇಂಥ ಜಾತಿಯದ್ದು ಮಾತ್ರ ಇರಬೇಕು ಎಂದು ಬರೆದಿಡುವುದು. ಕ್ಲಾಸಿನಲ್ಲಿ ಕೊಟ್ಟ ಉದಾಹರಣೆ ಒಂದು ಗೋದಾಮಿನದು. ಅಲ್ಲಿರುವುದೆಲ್ಲ ಐಟಂ. ಅವುಗಳಲ್ಲಿ ಫ್ರಿಜ್ಜಿನಲ್ಲೇ ಇಡಬೇಕಾದವು ಕೋಲ್ಡ್ ಐಟಂ. ಐಟಂ ಕೇಳಿದ ಕಡೆ ಕೋಲ್ಡ್ ಐಟಂ ಕೊಟ್ಟರೆ ಜಾವಾ ತಕರಾರಿಲ್ಲದೆ ತೆಗೆದುಕೊಳ್ಳುತ್ತದೆ. ಐಟಂಗಳ ಪಟ್ಟಿ ಕೇಳಿದ ಕಡೆ ಕೋಲ್ಡ್ ಐಟಂಗಳ ಪಟ್ಟಿ ಕೊಟ್ಟರೆ ಮಾತ್ರ, ಓಡಿಸುವ ಮುನ್ನ ಬರೆದದ್ದನ್ನು ತಪಾಸಣೆ ಮಾಡುವ ಕಂಪೈಲರ್ ಕೆಂಪು ಗೆರೆ ಎಳೆಯುತ್ತದೆ. ಹೊಂದುವುದಿಲ್ಲ, ಅಷ್ಟೇ. ನಾನು ಮೂರು ದಿನ ಆ ಕೆಂಪು ಗೆರೆಯನ್ನು ನೋಡುತ್ತ ಕುಳಿತೆ. ಒಂದೊಂದಾಗಿ ಕೊಟ್ಟರೆ ಹೊಂದುತ್ತದೆ, ಪಟ್ಟಿಯಾಗಿ ಕೊಟ್ಟರೆ ಹೊಂದುವುದಿಲ್ಲ ಎಂದರೆ ಅದು ಯಾವ ನ್ಯಾಯ?

ಆ ದಿನಗಳಲ್ಲಿ ನನ್ನ ತಲೆಯಲ್ಲಿ ಇನ್ನೊಂದು ವಿಷಯವೂ ಕೂತಿತ್ತು. ಅದನ್ನು ಹೇಳದೆ ಮುಂದಿನದು ಅರ್ಥವಾಗುವುದಿಲ್ಲ.

ಠಾಣೆಯ ವರ್ತಕ ನಗರದಲ್ಲಿ ನನ್ನ ಗಂಡನ ಅಣ್ಣನ ಸಸ್ಯಾಹಾರಿ ಹೋಟೆಲಿದೆ. ಭಾವ ದುಡ್ಡು ತೆಗೆದುಕೊಳ್ಳುವ ಗಲ್ಲೆಯಲ್ಲಿ ಕೂರುತ್ತಿದ್ದರು, ಅಡಿಗೆಮನೆ ನನ್ನ ಗಂಡನದು. ಆ ಭಾಗದಲ್ಲಿ ಜೈನ ಗಿರಾಕಿಗಳು ಬಹಳ. ಅವರಿಗೆ ನೀರುಳ್ಳಿ, ಬೆಳ್ಳುಳ್ಳಿ, ನೆಲದಡಿ ಬೆಳೆಯುವ ಗೆಡ್ಡೆ ಯಾವುದೂ ಆಗದು. ಹಾಗಾಗಿ ಸಾಂಬಾರು ಎರಡು ಟೋಪುಗಳಲ್ಲಿ ಆಗುತ್ತಿತ್ತು. ಊರಿನಲ್ಲಿ ತಪ್ಪಲೆ ಎನ್ನುವುದನ್ನೇ ಇಲ್ಲಿ ಟೋಪು ಎನ್ನುತ್ತೇವೆ. ದೊಡ್ಡ ಟೋಪಿನಲ್ಲಿ ಎಲ್ಲರ ಸಾಂಬಾರು, ಎಡಗಡೆಯ ಕೊನೆಯ ಒಲೆಯ ಮೇಲಿನ ಚಿಕ್ಕ ಟೋಪಿನಲ್ಲಿ ಜೈನ ಸಾಂಬಾರು. ಟೋಪಿನ ಮೇಲೆ ಗುರುತು ಏನೂ ಇರಲಿಲ್ಲ, ಆ ಜಾಗವೇ ಗುರುತು. ಅದರ ಸೌಟು ಅದರಲ್ಲೇ ಇರುತ್ತಿತ್ತು. ಅದಕ್ಕೆ ಏನಾದರೂ ಹಾಕುವುದು ನನ್ನ ಗಂಡ ಒಬ್ಬರೇ.

ಚಾತುರ್ಮಾಸದ ಒಂದು ಭಾನುವಾರ ಹುಟ್ಟಿದಂದಿನಿಂದ ನೀರುಳ್ಳಿ ಮುಟ್ಟದ ಒಬ್ಬ ಅಜ್ಜಿಯ ಬಟ್ಟಲಲ್ಲಿ ನೀರುಳ್ಳಿ ಬಂತು. ಅಜ್ಜಿ ಅಲ್ಲೇ ವಾಂತಿ ಮಾಡಿಕೊಂಡರು. ಮನೆಯವರು ಎದ್ದು ನಿಂತು ಕೂಗಾಡಿದರು, ಹೋಟೆಲು ತುಂಬ ಜನ. ಪಾತ್ರೆ ತೊಳೆಯುವ ಹೆಂಗಸು ಸೌಟು ಅದಲುಬದಲು ಮಾಡಿದ್ದಾಳೆ ಎಂದು ಭಾವ ಎಲ್ಲರ ಎದುರು ಹೇಳಿ, ಅವಳನ್ನು ಅಂದೇ ಹೊರಗೆ ಹಾಕಿದರು. ಅವಳು ಕಲಬುರಗಿ ಕಡೆಯವಳು, ಮುಂಬ್ರಾದಲ್ಲಿ ಇರುವವಳು, ಆರು ವರ್ಷ ಅಲ್ಲಿ ದುಡಿದಿದ್ದಳು. ಹನ್ನೊಂದು ದಿನದ ನಂತರ ನನ್ನ ಗಂಡ ಠಾಣೆ ಸ್ಟೇಷನ್ನಿನಲ್ಲಿ ಎದೆ ಹಿಡಿದುಕೊಂಡು ಕುಸಿದರು. ಆಸ್ಪತ್ರೆಯಿಂದ ಅವರು ಮರಳಲಿಲ್ಲ.

ಆ ಹನ್ನೊಂದು ದಿನವೂ ಅವರು ಮನೆಯಲ್ಲಿ ಒಂದೇ ಮಾತು ಹೇಳುತ್ತಿದ್ದರು: "ಅವಳದ್ದು ತಪ್ಪಿಲ್ಲ. ಅವಳನ್ನು ವಾಪಸ್ ಕರೀಬೇಕು." ಹಾಗಾದರೆ ಯಾರದ್ದು ತಪ್ಪು ಎಂದು ಕೇಳಿದರೆ, "ಅಡಿಗೆಮನೆ ನನ್ನದಲ್ವಾ, ನನ್ನದೇ" ಎನ್ನುತ್ತಿದ್ದರು. ಅಷ್ಟು ಹೇಳಿ ಹೊರಗೆ ಗ್ಯಾಲರಿಗೆ ಹೋಗಿ ನಿಲ್ಲುತ್ತಿದ್ದರು. ಮೃದು ಮನಸ್ಸಿನವರು, ಸುಮ್ಮನೆ ಮೇಲೆ ಹಾಕಿಕೊಳ್ಳುತ್ತಿದ್ದಾರೆ ಎಂದು ನಾನು ತಿಳಿದಿದ್ದೆ. ಅವರು ಹೋದ ಮೇಲೆ ಆ ಮಾತು ನನ್ನ ಮೇಲೆ ಬಂದು ಕೂತಿತು. ಅವರು ಮಾಡಿ ಮುಗಿಸದ ಒಂದೇ ಕೆಲಸ ಅದು. ಒಮ್ಮೆ ಭಾವನಲ್ಲಿ ಪ್ರಸ್ತಾಪಿಸಿದೆ. "ಸೌಟಿನ ವಿಷಯ ಈಗ ಎಂತಕ್ಕೆ?" ಎಂದು ಅವರು ಎದ್ದುಹೋದರು. ತಪ್ಪು ಅವಳದ್ದಲ್ಲ ಎಂದು ತೋರಿಸಲು ನನ್ನ ಕೈಯಲ್ಲಿ ಏನೂ ಇರಲಿಲ್ಲ.

ಟೆಸ್ಟಿನ ಹಿಂದಿನ ದಿನ, ಗುರುವಾರ. ಕ್ಲಾಸಿನಲ್ಲಿ ನನ್ನ ಪಕ್ಕದಲ್ಲಿ ಕೂರುತ್ತಿದ್ದ ಹುಡುಗಿಯ ಜೊತೆ ಠಾಣೆಯಲ್ಲಿ ಗಾಡಿ ಬದಲಿಸಿ ಸ್ಲೋ ಲೋಕಲ್ ಹತ್ತಿದೆ. ಅವಳು ಹುಟ್ಟಿ ಬೆಳೆದದ್ದು ಕಲ್ಯಾಣದಲ್ಲಿ. ತಂದೆ ವಿಜಯಪುರದಿಂದ ಬಂದು ಲೋಡಿಂಗ್ ಕೆಲಸ ಮಾಡಿದವರು. ಮಾತು ಮಾತ್ರ ಇನ್ನೂ ಆ ಕಡೆಯದೇ. ಲೇಡೀಸ್ ಡಬ್ಬಿಯಲ್ಲಿ ನಮಗೆ ಸೀಟು ಸಿಗುವುದೇ ಅಪರೂಪ, ಅಂದು ಎರಡು ಸಿಕ್ಕವು. ನಾನು ನೋಟ್‌ಬುಕ್ ತೆಗೆದೆ.

"ಅಕ್ಕಾರ, ಇನ್ನೂ ಆ ಲಿಸ್ಟ್ ಜೋಡಿ ಜಗಳಾ ಆಡಾಕತ್ತೀರೇನು? ಕಂಪೈಲರ್ ಏನ್ ನಿಮ್ಮ ಅತ್ತೀ ಏನ್ರಿ, ಕಾರಣಾ ಹೇಳದ ಬೈಯಾಕ?"

"ಅತ್ತೆಯಾದ್ರೆ ಒಂದು ದಿನ ಸುಮ್ಮನಾದ್ರೂ ಇರ್ತಾರೆ ಮಾರಾಯ್ತಿ. ನೀನೇ ಹೇಳು, ಕೋಲ್ಡ್ ಐಟಂ ಐಟಂ ಹೌದಲ್ವಾ? ಮತ್ತೆ ಪಟ್ಟಿ ಕೊಟ್ರೆ ಎಂತಕ್ಕೆ ಆಗುದಿಲ್ಲ? ಇನ್ನೂ ಯಾರೂ ಅದಕ್ಕೆ ಎಂತದೂ ಹಾಕ್ಲಿಲ್ಲ. ಕೊಟ್ಟದ್ದು ಮಾತ್ರ. ಆಗ್ಲೇ ಕೆಂಪು."

"ಕೊಟ್ಟದ್ದ ತಪ್ಪರಿ," ಎಂದಳು. "ಕೊಟ್ಟ ಮ್ಯಾಲೆ ತಗೊಂಡಾವ ಏನ್ ಹಾಕ್ತಾನ ನಿಮಗೇನ್ ಗೊತ್ತು? ಅವನ ಕಣ್ಣಿಗೆ ಅದು ಬರೇ ಐಟಂ ಲಿಸ್ಟ್. ಸಾಬೂನು ತಂದು ಹಾಕ್ತಾನ, ಅವನ ಲೆಕ್ಕದಾಗ ಅದೂ ಬರೋಬ್ಬರಿನ. ಆಮ್ಯಾಲೆ ನೀವು ಫ್ರಿಜ್ಜಿಂದು ಅಂತ ತೆಗೆದ್ರ ಕೈಗೆ ಸಾಬೂನು ಬರ್ತೈತಿ. ಅದಕ್ಕ ಕೊಡೂ ಮುಂದನ ಕಂಪೈಲರ್ ಬಾಗಲಾ ಹಾಕ್ತಾನ."

"ಹಾಗಾದ್ರೆ ಕೊಡ್ಲಿಕ್ಕೇ ಇಲ್ವಾ?"

"ಕೊಡ್ಬಹುದು. ಆ ಪ್ರಶ್ನೆ ಚಿಹ್ನೆ ಐತೆಲ್ಲ, ವೈಲ್ಡ್‌ಕಾರ್ಡ್? ಅದನ್ನ ಹಚ್ಚಿ ಕೊಡ್ರಿ. ಇದು ಐಟಂದಾಗಿನ ಯಾವುದೋ ಒಂದು ಜಾತಿದು, ಯಾವುದಂತ ನನಗ ಗೊತ್ತಿಲ್ಲ ಅಂತ ಅದರ ಅರ್ಥ. ಗೊತ್ತಿಲ್ಲಂದ್ರ ತೆಗೀಬಹುದು, ಯಾಕಂದ್ರ ಏನ್ ಬಂದ್ರೂ ಅದು ಐಟಂ. ಹಾಕಂಗಿಲ್ಲ. ಗೊತ್ತಿಲ್ಲದ್ದಕ್ಕ ಕೈ ಹಾಕಬಾರ್ದು, ಮುಗೀತು."

ಕಳವಾ ಸ್ಟೇಷನ್ ದಾಟಿತ್ತು. ನನಗೆ ಒಮ್ಮೆಲೇ ಹೊಳೆಯಿತು. ನೋಟ್‌ಬುಕ್ ಮುಚ್ಚಿ ಅವಳ ಕೈ ಹಿಡಿದುಕೊಂಡೆ.

"ತಡಿ, ನಾನು ಹೇಳ್ತೇನೆ, ಸರಿಯಾ ನೋಡು. ನಮ್ಮ ಹೋಟೆಲಲ್ಲಿ ಎಡಗಡೆ ಒಲೆ ಮೇಲೆ ಜೈನ್ ಸಾಂಬಾರಿನ ಟೋಪು. ಅದರಿಂದ ಯಾರಿಗೆ ಬೇಕಾದ್ರೂ ಬಡಿಸ್ಬಹುದು. ನನಗೂ ಬಡಿಸ್ಬಹುದು, ನಿನಗೂ. ಸಾಂಬಾರೇ ಅಲ್ವಾ?"

"ಹೌದ್ರಿ."

"ಆದ್ರೆ ಬರೀ ಸಾಂಬಾರಿನ ಟೋಪು ಅಂತ ಹೇಳಿ, ಅದು ಜೈನ್ ಅಂತ ಗೊತ್ತಿಲ್ಲದವರ ಕೈಗೆ ಬಿಟ್ರೆ, ಅವರು ಕಡಿಮೆಯಾಗಿದೆ ಅಂತ ದೊಡ್ಡ ಟೋಪಿನಿಂದ ಎರಡು ಸೌಟು ತಂದು..."

"ಭಾರೀ ಹೇಳಿದ್ರಿ ಅಕ್ಕಾರ! ನಾಳೆ ಇದನ್ನ ಬರೀರಿ," ಎಂದು ಅವಳು ನಗುತ್ತಿದ್ದಳು. ನಾನು ಕಿಟಕಿಯ ಕಡೆ ತಿರುಗಿದೆ. ಮುಂಬ್ರಾದ ಗುಡ್ಡ ಹತ್ತಿರ ಬರುತ್ತಿತ್ತು.

ಆ ಭಾನುವಾರ ನಾನು ಹೋಟೆಲಿನ ಅಡಿಗೆಮನೆಯಲ್ಲಿದ್ದೆ. ಇಬ್ಬರು ಅಡಿಗೆಯವರು ಊರಿಗೆ ಹೋಗಿದ್ದರು, ಸ್ವಲ್ಪ ಕೈ ಸೇರಿಸು ಎಂದು ಗಂಡ ಕರೆದಿದ್ದರು. ಬಡಿಸುವವನೊಬ್ಬ ಬಂದು ಸಾಂಬಾರ್ ಖಾಲಿ ಎಂದ. ಗಂಡ ಹಿಂದಿನ ಬಾಗಿಲಲ್ಲಿ ಗ್ಯಾಸ್ ಸಿಲಿಂಡರ್ ಇಳಿಸಿಕೊಳ್ಳುತ್ತಿದ್ದರು. "ಸ್ವಲ್ಪ ನೋಡ್ಕೋ, ಸಾಂಬಾರ್ ತುಂಬ್ಸಿ ಕೊಡು" ಎಂದು ಅಲ್ಲಿಂದಲೇ ಕೂಗಿದರು. ನಾನು ನೋಡಿದೆ. ಚಿಕ್ಕ ಟೋಪಿನ ತಳ ಕಾಣುತ್ತಿತ್ತು. ದೊಡ್ಡದರಲ್ಲಿ ಬೇಕಾದಷ್ಟು ಇತ್ತು. ಎರಡು ಸೌಟು ತುಂಬಿ ಹಾಕಿದೆ. ಆ ಒಲೆಯ ಮೇಲಿನದು ಜೈನರದು ಎಂದು ನನಗಾಗ ಗೊತ್ತಿರಲಿಲ್ಲ, ಎರಡೂ ಸಾಂಬಾರೇ. ಹನ್ನೊಂದೂವರೆಗೆ ಕೈ ತೊಳೆದು ಡೊಂಬಿವಲಿಗೆ ಹೊರಟೆ. ಗಲಾಟೆ ಆದದ್ದು ಅದರ ನಂತರ.

ಏಳು ತಿಂಗಳು ಇದು ನನಗೆ ನೆನಪಿರಲಿಲ್ಲ ಎಂದರೆ ಸುಳ್ಳು. ಸಾಂಬಾರು ತುಂಬಿದ್ದು ನೆನಪಿತ್ತು, ಎಡಗಡೆಯ ಒಲೆ ಜೈನರದು ಎಂದು ಆಮೇಲೆ ಕಿವಿಗೂ ಬಿದ್ದಿತ್ತು. ಮನೆಯಲ್ಲಿ ಎಲ್ಲರೂ ಸೌಟು, ಸೌಟು ಎಂದೇ ಮಾತಾಡಿದರು. ನಾನು ಸೌಟು ಬದಲಿಸಿರಲಿಲ್ಲ, ಹಾಗಾಗಿ ಆ ಗಲಾಟೆಯ ಪಕ್ಕದಲ್ಲಿ ನನ್ನನ್ನು ನಿಲ್ಲಿಸಿ ನೋಡಿರಲಿಲ್ಲ. ಒಳಗೆಲ್ಲೋ ಗೊತ್ತಿದ್ದು ನಾನೇ ಅತ್ತ ನೋಡದೆ ಉಳಿದೆನೋ, ಅದನ್ನು ಇಂದಿಗೂ ಹೇಳಲಾರೆ.

ಶುಕ್ರವಾರದ ಟೆಸ್ಟನ್ನು ಹೇಗೆ ಬರೆದೆ ಎಂದು ಕೇಳಿದರೆ, ಕೈ ಬರೆಯಿತು. ಪ್ರಶ್ನೆ ಬಂದೇ ಬಂತು: ಯಾವ ಪಟ್ಟಿಯನ್ನು ಎಲ್ಲಿ ಕೊಡಬಹುದು, ಯಾವುದರಿಂದ ತೆಗೆಯಬಹುದು, ಯಾವುದಕ್ಕೆ ಹಾಕಬಹುದು. ತಿರುಗುಮುರುಗಾದ ಇನ್ನೊಂದು ಬಗೆಯನ್ನೂ ಕೇಳಿದ್ದರು, ಸೂಪರ್ ಎಂದು ಬರೆಯುವಂಥದ್ದು. ಅದೂ ಗಂಡನ ಬಾಯಲ್ಲಿ ಕೇಳಿದ್ದ ವಿಷಯವೇ. ಮಧ್ಯಾಹ್ನ ಮೂರು ಗಂಟೆಗೆ ಗಿರಾಕಿ ಮುಗಿದ ಮೇಲೆ ನನ್ನ ಗಂಡ ಉಳಿದ ಜೈನ ಸಾಂಬಾರನ್ನು ದೊಡ್ಡ ಟೋಪಿಗೆ ಸುರಿಯುತ್ತಿದ್ದರು. ಹಾಗೆ ಹಾಕಬಹುದು, ಅದರಿಂದ ಯಾರಿಗೂ ತೊಂದರೆಯಿಲ್ಲ. ಆದರೆ ಹಾಕಿದ ಮೇಲೆ ಅಲ್ಲಿಂದ ತೆಗೆದು ಇದು ಜೈನ ಎಂದು ಯಾರಿಗೂ ಕೊಡುವಂತಿಲ್ಲ. ಉತ್ತರಗಳಲ್ಲಿ ಸಾಂಬಾರಿನ ಹೆಸರೆತ್ತದೆ ಎಲ್ಲವನ್ನೂ ಬರೆದೆ. ಪಾಸಾದೆ ಎಂದು ಮುಂದಿನ ವಾರ ತಿಳಿಯಿತು. ಅಂದು ಮಾತ್ರ ಪೇಪರ್ ಮುಗಿಸಿ, ಆಫೀಸಿಗೆ ಅರ್ಧ ದಿನ ರಜೆ ಹೇಳಿ, ನೇರ ವರ್ತಕ ನಗರಕ್ಕೆ ಹೋದೆ.

ಊಟದ ಹೊತ್ತು ಮುಗಿಯುತ್ತಿತ್ತು. ಭಾವ ಗಲ್ಲೆಯಲ್ಲಿದ್ದರು.

"ಎಂತ, ಈ ಹೊತ್ತಿಗೆ? ಊಟ ಆಯ್ತಾ?"

"ಭಾವ, ಆ ದಿನ ಜೈನ್ ಟೋಪಿಗೆ ಸಾಂಬಾರ್ ಹಾಕಿದ್ದು ನಾನು."

ಅವರು ಯಾರೋ ಗಿರಾಕಿಗೆ ಸೋಂಪಿನ ಬಟ್ಟಲು ಸರಿಸಿಕೊಟ್ಟರು. ಆ ಗಿರಾಕಿ ಮೆಟ್ಟಿಲಿಳಿಯುವವರೆಗೆ ಕಾದರು. ನಂತರ ನನ್ನ ಮುಖ ನೋಡದೆ ಹೇಳಿದರು: "ನನಗೆ ಗೊತ್ತುಂಟು."

"ಯಾರು ಹೇಳಿದ್ದು?"

"ಆ ಪಾತ್ರೆ ತೊಳೆಯುವವಳೇ ಹೇಳಿದ್ದು. ಆ ಗಲಾಟೆಯ ಮಧ್ಯೆಯೇ, ಸಣ್ಣ ಅಕ್ಕಾರು ಹಾಕಿದ್ದು ನಾ ನೋಡೇನಿ ಅಂದ್ಳು. ಹೋಟೆಲು ತುಂಬ ಜನ, ಆ ಜೈನರು ಮೈಮೇಲೆ ಬರ್ತಿದ್ರು. ಮನೆ ಹೆಂಗಸಿನ ಹೆಸರು ಅಲ್ಲಿ ಎತ್ಲಿಕ್ಕೆ ಆಗ್ತದಾ? ಬಾಯಿ ಮುಚ್ಚು ಅಂತ ಹೊರಗೆ ಹಾಕಿದೆ."

"ಅವರಿಗೆ?"

"ತಮ್ಮನಿಗಾ? ಅವನಿಗೆ ಟೋಪು ನೋಡಿದ ಕೂಡ್ಲೇ ಗೊತ್ತಾಗಿದೆ. ಹಾಕಿದವಳದ್ದಲ್ಲ, ಗೊತ್ತಿಲ್ಲದವಳ ಕೈಗೆ ಒಲೆ ಬಿಟ್ಟುಕೊಟ್ಟವನು ನಾನು, ತಪ್ಪು ನನ್ನದು ಅಂತ ಅವನ ಹಟ. ನಿನಗೆ ಹೇಳ್ಬಾರ್ದು ಅಂತ ಆಣೆ ಹಾಕಿಸ್ಕೊಂಡ. ಅವಳನ್ನು ವಾಪಸ್ ಕರೀಲಿಕ್ಕೆ ನಾನು ಒಪ್ಲಿಲ್ಲ ಅಂತ..." ಅವರ ದನಿ ಸಣ್ಣದಾಯಿತು. "ಕಡೇ ಹನ್ನೊಂದು ದಿನ ನನ್ನ ಹತ್ರ ಮಾತಾಡ್ಲಿಲ್ಲ ಅವ. ಅದು ನಿನಗೆ ಗೊತ್ತುಂಟಾ?"

ಗೊತ್ತಿರಲಿಲ್ಲ. ದಿನಾ ಒಂದೇ ಅಡಿಗೆಮನೆಗೆ ಹೋಗಿ ಬರುತ್ತಿದ್ದ ಅಣ್ಣತಮ್ಮಂದಿರು ಮಾತಿಲ್ಲದೆ ಇದ್ದರು, ಅದಕ್ಕೆ ಕಾರಣವಾದ ನಾನು ಮನೆಯಲ್ಲಿ ಅನ್ನ ಬಡಿಸುತ್ತ ಕೂತಿದ್ದೆ.

"ಅವಳನ್ನು ಕರೀರಿ ಭಾವ."

"ಏಳು ತಿಂಗಳಾದ ಮೇಲೆ? ಎಂತ ಹೇಳಿ ಕರೀಲಿ? ಸತ್ತವನ ಹೆಂಡತಿಯನ್ನು ಜನರ ಬಾಯಿಗೆ ಕೊಡ್ಲಾ? ಸುಮ್ಮನೆ ಮನೆಗೆ ಹೋಗು. ಅವನಿಗೂ ಅದು ಬೇಕಿರ್ಲಿಲ್ಲ."

ಕೊನೆಯ ಮಾತು ನನ್ನನ್ನು ಕಟ್ಟಿಹಾಕಿತು. ನನ್ನ ಗಂಡನಿಗೆ ಬೇಕಿದ್ದದ್ದು ಎರಡು: ನನಗೆ ಗೊತ್ತಾಗಬಾರದು, ಅವಳು ಮರಳಿ ಬರಬೇಕು. ಎರಡನ್ನೂ ಉಳಿಸುವ ದಾರಿ ಅವರು ಹನ್ನೊಂದು ದಿನ ಹುಡುಕಿದ್ದರು. ಇದ್ದಿದ್ದರೆ ಅವರಿಗೇ ಸಿಗುತ್ತಿತ್ತು. ನನಗೆ ಗೊತ್ತಾಗಿಬಿಟ್ಟಿದೆ, ಇನ್ನು ಒಂದನ್ನಾದರೂ ಉಳಿಸಬೇಕು ಎಂದುಕೊಂಡೆ. ಅಡಿಗೆಮನೆಯವರಿಂದ ಅವಳ ಮನೆಯ ಗುರುತು ಕೇಳಿಕೊಂಡು ಹೊರಗೆ ಬಂದೆ.

ಶನಿವಾರ ಮಧ್ಯಾಹ್ನ ಮುಂಬ್ರಾದಲ್ಲಿ ಇಳಿದೆ. ಅಷ್ಟು ವರ್ಷ ಅದರ ಮೇಲಿಂದಲೇ ಹೋಗಿ ಬಂದಿದ್ದೇನೆ, ಇಳಿದದ್ದು ಅದೇ ಮೊದಲು. ಗುಡ್ಡದ ಬುಡದ ಓಣಿಯಲ್ಲಿ ಅವಳು ಬಾಗಿಲ ಹೊರಗೆ ಕೂತು ಕಾಲಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಸಿಮೆಂಟು ತಿಂದ ಪಾದಗಳು. ಈಗ ಶಿಳಫಾಟಾ ಕಡೆ ಕಟ್ಟಡದ ಕೆಲಸಕ್ಕೆ ಹೋಗುತ್ತಾಳೆ ಎಂದು ನನಗೆ ಅಡಿಗೆಮನೆಯಲ್ಲಿ ಹೇಳಿದ್ದರು. ನನ್ನನ್ನು ನೋಡಿ ಎದ್ದಳು, ಕೂರಿ ಎನ್ನಲಿಲ್ಲ.

"ಯಾಕ ಬಂದೀರಿ?"

"ಹಾಕಿದ್ದು ನಾನು. ನನಗೆ ಮೊನ್ನೆಯಷ್ಟೇ ಗೊತ್ತಾಯ್ತು."

"ನಿಮಗ ಮೊನ್ನಿ ಗೊತ್ತಾತು," ಎಂದಳು. "ನಾ ಆವತ್ತ ನೋಡೀನ್ರಿ. ಕೂಗಬೇಕಂದೆ, ಕೈಯಾಗ ಉಳ್ಳಾಗಡ್ಡಿ ಬುಟ್ಟಿ. ಬುಟ್ಟಿ ಇಳಿಸೂದ್ರಾಗ ಹಾಕೇಬಿಟ್ಟಿದ್ರಿ. ಅಣ್ಣಾರಿಗೆ ಹೇಳಬೇಕಂತ ಹಿಂದಿನ ಬಾಗಲಕ್ಕ ಹೋದ್ರ ಅವ್ರು ಸಿಲಿಂಡರ್ ಗಾಡಿ ಹಿಂದ ಓಣಿಗೆ ಹೋಗಿದ್ರು. ಅಷ್ಟರಾಗ ಟೇಬಲ್ಲಿಗೆ ಹೋಗೇಬಿಡ್ತು."

"ತಪ್ಪಾಯ್ತು."

"ನಂಗ್ಯಾಕ ಹೇಳ್ತೀರಿ? ನಂಗ ಗೊತ್ತೈತಿ. ಆರು ವರ್ಷ ಆ ಮಂದಿ ಜೋಡಿ ಉಂಡೀನಿ. ಸೌಟ ನೆಟ್ಟಗ ಇಡಾಕ ಬರಲ್ದಾಕಿ ಅಂತ ಅವ್ರೆಲ್ಲ ಅಂದ್ಕೊಂಡಾರ. ಅವ್ರ ಮುಂದ ಹೇಳ್ರಿ. ನಾ ನಿಂತಿರ್ತೀನಿ."

"ಹೇಳ್ತೇನೆ."

"ಸಾಹುಕಾರ ಇರಬೇಕು."

"ಇರ್ತಾರೆ."

ಅಷ್ಟು ಹೇಳಿದ ಮೇಲೆ ಅವಳು ಒಂದು ಲೋಟ ನೀರು ತಂದುಕೊಟ್ಟಳು.

ಸೋಮವಾರ ಹತ್ತೂವರೆ. ತಿಂಡಿಯ ಗಿರಾಕಿ ಮುಗಿದು ಊಟದವರು ಬರುವ ಮುನ್ನ ಹೋಟೆಲಿಗೆ ಸ್ವಲ್ಪ ಬಿಡುವು. ಅವಳು ಹಿಂದಿನ ಬಾಗಿಲಲ್ಲಿ ನಿಂತಳು, ಒಳಗೆ ಕಾಲಿಡಲಿಲ್ಲ. ಅಡಿಗೆಯವರು ನಾಲ್ವರು, ಬಡಿಸುವವರು, ಅವಳ ಜಾಗಕ್ಕೆ ಬಂದ ಹೊಸ ಹೆಂಗಸು. ಭಾವನನ್ನು ಗಲ್ಲೆಯಿಂದ ನಾನೇ ಕರೆದೆ. ಬಾಗಿಲಲ್ಲಿ ನಿಂತವಳನ್ನು ನೋಡಿ ಅವರ ಮುಖ ಬಿಗಿಯಿತು.

"ಇದೆಲ್ಲ ಇಲ್ಲಿ ಬೇಡ. ಒಳಗೆ ಬಾ, ಕೂತು ಮಾತಾಡುವ."

"ಇಲ್ಲೇ ಆಗ್ಬೇಕು ಭಾವ."

ನಾನು ಹೆಚ್ಚು ಮಾತಾಡುವವಳಲ್ಲ, ಆಫೀಸಿನ ಮೀಟಿಂಗಿನಲ್ಲೂ ಎದ್ದು ನಿಂತವಳಲ್ಲ. ಎಡಗಡೆಯ ಒಲೆ ತೋರಿಸಿ ಹೇಳಿದೆ. ಆ ಭಾನುವಾರ ಈ ಟೋಪಿಗೆ ದೊಡ್ಡ ಟೋಪಿನ ಸಾಂಬಾರು ಹಾಕಿದ್ದು ನಾನು, ಈಕೆ ಸೌಟು ಮುಟ್ಟಿರಲಿಲ್ಲ, ಈಕೆ ನಿಜ ಹೇಳಿದಳು, ನಿಜ ಹೇಳಿದ್ದಕ್ಕೆ ಹೊರಗೆ ಹೋದಳು. ಇಷ್ಟೇ. ಹೇಳುವುದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ.

ಒಬ್ಬ ಉರಿ ಸಣ್ಣ ಮಾಡಿದ. ಹಳೆಯ ಅಡಿಗೆಯವನೊಬ್ಬ ಬಾಗಿಲ ಕಡೆ ನೋಡಿ, "ನಾವೂ ಸುಮ್ನಿದ್ದೆವು ಅಲ್ವಾ" ಎಂದು ತನ್ನಷ್ಟಕ್ಕೆ ಅಂದುಕೊಂಡ.

"ನೀವೂ ಹೇಳಿ ಭಾವ," ಎಂದೆ.

ಅವರು ಗಲ್ಲೆಯ ಕಡೆ ತಿರುಗಿದರು. ಹೊರಟುಹೋಗುತ್ತಾರೆ ಎಂದುಕೊಂಡೆ. "ಅವಳು ಹೇಳಿದ್ದಳು. ತಮ್ಮನೂ ಹೇಳಿದ್ದ. ನಾನೇ ಕೇಳ್ಲಿಲ್ಲ," ಎಂದರು. ಆಮೇಲೆ ಅವಳಿಗೆ, "ನಾಳೆಯಿಂದ ಬಾ."

"ಬರಂಗಿಲ್ರಿ ಸಾಹುಕಾರ್ರ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಈಕಿ ಎಲ್ಲಿಗೆ ಹೋಗ್ಬೇಕು ಮತ್ತ?" ಎಂದು ಹೊಸ ಹೆಂಗಸಿನ ಕಡೆ ಕೈ ಮಾಡಿದಳು. ಸೆರಗು ಸರಿಮಾಡಿಕೊಂಡು ಹೊರಟಳು.

ನಾನು ಹಿಂದೆಯೇ ಹೋದೆ. ಬಸ್ ಸ್ಟಾಪಿನವರೆಗೆ ಜೊತೆಗೇ ನಡೆದೆ. ಬೇಡ ಎಂದು ಅವಳು ಹೇಳಲಿಲ್ಲ. ಸ್ಟಾಪಿನಲ್ಲಿ ನಿಂತು ಅವಳೇ ಕೇಳಿದಳು.

"ಅಣ್ಣಾರಿಗೆ ಎದಿ ನೋವು ಮದ್ಲ ಇತ್ತೇನ್ರಿ?"

"ಎಂತಕ್ಕೆ ಕೇಳ್ತೀ?"

"ಹೊರಗ ಹಾಕಿದ ದಿನ ಸಿಟ್ಟಿನಾಗ ಹೋಟೆಲ್ ಮುಂದ ಮಣ್ಣ ತೂರಿ ಬಂದಿದ್ದೆ. ಈ ಮನೀದು ಒಂದು ಜೀವಾ ಹೋಗಲಿ ಅಂತ. ಅವ್ರಂತ ಅಂದಿಲ್ಲರಿ. ಅವ್ರು ಮುಂಬ್ರಾಕ್ಕ ಬಂದು ಎರಡ ಸಲ ನನ್ನ ಕರದ ಹೋಗಿದ್ರು. ಸಾಹುಕಾರ ಒಪ್ಪಲಿ, ಆಮ್ಯಾಲೆ ನೋಡೂಣು ಅಂದಿದ್ದೆ." ಅವಳು ರಸ್ತೆಯ ಕಡೆ ನೋಡುತ್ತಿದ್ದಳು. "ಆಮ್ಯಾಲೆ ಸುದ್ದಿ ಬಂತು."

ಏಳು ತಿಂಗಳಲ್ಲಿ ಅವರ ಎದೆಯ ಬಗ್ಗೆ ನನ್ನನ್ನು ಕೇಳಿದವರು ಬಹಳ ಜನ. ಅವಳಂತೆ ಹೆದರಿಕೊಂಡು ಕೇಳಿದವರು ಯಾರೂ ಇರಲಿಲ್ಲ, ನನ್ನನ್ನು ಬಿಟ್ಟರೆ.

"ಇತ್ತಂತೆ," ಎಂದೆ. "ಬಹಳ ದಿನದಿಂದ ಇದ್ದದ್ದೇ, ಅವರು ಹೇಳ್ಲಿಲ್ಲ ಅಷ್ಟೇ ಅಂತ ಡಾಕ್ಟರು ಹೇಳಿದ್ರು."

ಡಾಕ್ಟರು ಹಾಗೆ ಹೇಳಿದ್ದು ನಿಜ. ಅವಳು ನಂಬಿದಳೋ ಇಲ್ಲವೋ, ತಲೆಯಾಡಿಸಿದಳು. ಬಸ್ಸು ಬಂತು. ಹತ್ತುವಾಗ ಹಿಂತಿರುಗಿ, "ನೀವೂ ಅದನ್ನ ನಂಬ್ರಿ ಅವ್ವಾರ," ಎಂದಳು.